ಹಳ್ಳ ನೇರ ಮಾಡಿಸಿದ ಮೇಲೆ ಬಾವಿ ಬತ್ತೋಕೆ ಶುರುವಾಯ್ತಾ? ಬೋರ್ ಗಾಡಿಗೆ ಫೋನ್ ಮಾಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ನಮ್ಮ ಶಿರಸಿ ಕಡೆ ಫೆಬ್ರವರಿ ಬಂತು ಅಂದ್ರೆ ಮದುವೆ ಊಟದ ಪಂಕ್ತೀಲೂ ಒಂದೇ ಮಾತು, "ನಿಮ್ಮನೆ ಬಾವಿ ಹ್ಯಾಂಗಿದ್ದು?" ಉತ್ತರನೂ ಒಂದೇ, ಮಳೆ ಮೊದಲಿನ ಹಂಗಿಲ್ಲ, ಬೋರ್ ಹೊಡೆಸ್ಬೇಕು. ನಾನೂ ಎರಡು ವರ್ಷ ಇದನ್ನೇ ಹೇಳ್ಕೊಂಡು ತಿರುಗಿದೋನು. ಆಮೇಲೆ ಗೊತ್ತಾಗಿದ್ದು ಎಂತ ಅಂದ್ರೆ ನಮ್ಮನೆ ಬಾವಿ ಬತ್ತಿಸಿದ್ದು ಮಳೆ ಅಲ್ಲ, ನಾವೇ ಬಾಡಿಗೆ ಕೊಟ್ಟು ತರಿಸಿದ ಹಿಟಾಚಿ. ಅದನ್ನ ಹೆಂಗೆ ಕಂಡುಹಿಡಿದ್ವಿ, ನಿಮ್ಮನೇಲಿ ನೀವು ಹೆಂಗೆ ಕಂಡುಹಿಡೀಬಹುದು, ಸರಿ ಮಾಡೋಕೆ ಹೋಗಿ ಎಂತೆಂತ ಎಡವಟ್ಟಾಯ್ತು ಎಲ್ಲಾ ಬರೀತೀನಿ, ಉದ್ದ ಆಗತ್ತೆ, ಚಾ ಇಟ್ಕೊಂಡೇ ಕೂತ್ಕೊಳ್ಳಿ.

ಮೊದ್ಲು ನಮ್ ಕಥೆ

ತೋಟದ ಕೆಳಗಡೆ ಹಳ್ಳ ಇದೆ. ಹಾವಿನ ಹಂಗೆ ಸುತ್ತಿ ಬಳಸಿ ಹೋಗ್ತಿತ್ತು. 2019ರ ಆಗಸ್ಟ್ ನೆರೆ ಬಂತಲ್ಲ, ಆಗ ಒಂದು ತಿರುವಲ್ಲಿ ದಡ ಕೊರೆದು ಮೂವತ್ತು ಅಡಿಕೆ ಮರ ಹೋಯ್ತು, ತೋಟದೊಳಗೆ ಮೊಣಕಾಲುದ್ದ ಮರಳು. ಅಪ್ಪಯ್ಯ ತಲೆ ಮೇಲೆ ಕೈ ಹೊತ್ತು ಕೂತಿದ್ರು. 2020ರ ಫೆಬ್ರವರೀಲಿ ಹಿಟಾಚಿ ತರಿಸಿ ಅದನ್ನೂ ಸೇರಿ ಎರಡು ತಿರುವನ್ನ ಕಡಿದು ಹಳ್ಳಾನ ನೇರ ಮಾಡಿಸಿದ್ವಿ, ತಳಾನೂ ಎರಡೂವರೆ ಅಡಿ ತೆಗೆಸಿದ್ವಿ. 180 ಮೀಟರ್ ಸುತ್ತಿ ಹೋಗ್ತಿದ್ದ ಹಳ್ಳ 110 ಮೀಟರಿಗೆ ಬಂತು. ಮಳೆಗಾಲದಲ್ಲಿ ನೀರು ಜುಂಯ್ ಅಂತ ಹೋಗ್ತಿತ್ತು, ತೋಟಕ್ಕೆ ಒಂದು ಹನಿ ನುಗ್ಗಲಿಲ್ಲ. ಊರಲ್ಲಿ ಎಲ್ರೂ ಭೇಷ್ ಅಂದ್ರು. ಇನ್ನೊಂದು ವಿಷ್ಯ, ಆ ವರ್ಷ ಡಿಸೆಂಬರಲ್ಲಿ ಹಳ್ಳದಲ್ಲಿ ಯಾವತ್ತಿಗಿಂತ ಜಾಸ್ತಿ ನೀರು ಇತ್ತು. ನಾವು ಖುಷಿಪಟ್ವಿ. ಆ ಖುಷಿಪಟ್ಟಿದ್ದೇ ದೊಡ್ಡ ದಡ್ಡತನ, ಆ ನೀರು ಎಲ್ಲಿಂದ ಬಂತು ಅಂತ ಮುಂದೆ ಹೇಳ್ತೀನಿ.

ಬಾವಿ ಅಜ್ಜನ ಕಾಲದ್ದು, 28 ಅಡಿ, ಹಳ್ಳದಿಂದ 35 ಮೀಟರ್ ದೂರ. ಮೇ ತಿಂಗಳಲ್ಲೂ ಐದಾರು ಅಡಿ ನೀರು ನಿಲ್ತಿತ್ತು. 2021ರಲ್ಲಿ ಏಪ್ರಿಲ್ ಕೊನೇಲಿ ಪಂಪು ಗಾಳಿ ಎಳೀತು. 2022ರಲ್ಲಿ ಮಾರ್ಚ್ ಮೊದಲ ವಾರವೇ. ಅಲ್ಲಿ ನಂಗೆ ಅನುಮಾನ ಬಂತು, ಯಾಕಂದ್ರೆ 2021ರ ಜುಲೈ ಮಳೆ ಯಾರಿಗೂ ಮರ್ತಿಲ್ಲ, ಗುಳ್ಳಾಪುರದ ಸೇತುವೆ ಕೊಚ್ಚಿ ಹೋಗಿದ್ದು, ಕಳಚೆ ಗುಡ್ಡ ಕುಸಿದಿದ್ದು ಆಗಲೇ. ಅಷ್ಟು ಮಳೆ ಬಂದು ಎಂಟು ತಿಂಗಳಿಗೆ ಬಾವಿ ಒಣಗತ್ತೆ ಅಂದ್ರೆ ಮಳೆ ಮೇಲೆ ಗೂಬೆ ಕೂರಿಸೋದು ಹೆಂಗೆ? ಪಕ್ಕದ ಮನೆ ಮಾವ ಬಾವಿ ಕಟ್ಟೆ ಮೇಲೆ ಕೂತು ಕವಳ ಹಾಕ್ತಾ ಒಂದೇ ಮಾತಲ್ಲಿ ಹೇಳಿಬಿಟ್ರು, "ತಮಾ, ಹಳ್ಳ ಕೆಳಗೆ ಹೋದ್ಮೇಲೆ ಬಾವಿ ನೀರು ಮೇಲೆ ನಿತ್ಗತ್ತಾ?"

ಬಾವಿಗೂ ಹಳ್ಳಕ್ಕೂ ಎಂತ ಸಂಬಂಧ

ನಮ್ಮ ಕಡೆ ನೆಲ ಹೆಂಗಿದೆ ನೋಡಿ. ಮೇಲೆ ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಜಾರೋ ಶೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಜಂಬಿಟ್ಟಿಗೆ ತುಂಬಾ ತೂತು, ಮಳೆ ನೀರು ಸರಸರ ಇಳಿಯತ್ತೆ. ಶೇಡಿ ಬಂದಾಗ ನಿಲ್ಲತ್ತೆ, ಅಡ್ಡ ಹರಿಯೋಕೆ ಶುರು ಮಾಡತ್ತೆ. ಹಳೇ ಬಾವಿಗಳೆಲ್ಲ ಕುಡಿಯೋದು ಈ ಅಡ್ಡ ಹರಿಯೋ ನೀರನ್ನೇ. ಅದೇ ನೀರು ಮುಂದೆ ಹೋಗಿ ಹಳ್ಳದ ದಡದಲ್ಲಿ ಒರತೆಯಾಗಿ ಹೊರಗೆ ಬರತ್ತೆ. ಮಳೆ ನಿಂತು ಮೂರು ತಿಂಗಳಾದ ಮೇಲೂ ಹಳ್ಳ ಹರೀತಾ ಇದ್ರೆ ಅದು ಈ ನೆಲದ ನೀರೇ, ಬೇರೆ ಎಲ್ಲಿಂದ ಬರ್ಬೇಕು.

ಅಂದ್ರೆ ಗುಡ್ಡ ಒಂದು ದೊಡ್ಡ ಡ್ರಮ್ಮು, ಹಳ್ಳದ ತಳ ಅದಕ್ಕೆ ಹಾಕಿದ ನಲ್ಲಿ. ನಲ್ಲಿ ಎಷ್ಟು ಎತ್ತರದಲ್ಲಿದ್ಯೋ ಅಲ್ಲೀವರೆಗೆ ಮಾತ್ರ ಡ್ರಮ್ಮು ಖಾಲಿಯಾಗತ್ತೆ, ಉಳಿದದ್ದು ಬೇಸಿಗೆಗೆ. ನಾವು ಮಾಡಿದ್ದು ಎಂತ ಅಂದ್ರೆ ನಲ್ಲೀನ ಕಿತ್ತು ಕೆಳಗೆ ಹಾಕಿದ್ದು. ಡ್ರಮ್ಮಲ್ಲಿ ಉಳೀಬೇಕಾಗಿದ್ದ ನೀರು ಡಿಸೆಂಬರಲ್ಲೇ ಹಳ್ಳಕ್ಕೆ ಸೋರಿ ಹೋಯ್ತು, ಅದನ್ನ ನೋಡಿಯೇ ನಾವು ಹಳ್ಳದಲ್ಲಿ ನೀರು ಜಾಸ್ತಿ ಆಯ್ತು ಅಂತ ಹಿಗ್ಗಿದ್ದು. ಅದು ನಮ್ಮ ಏಪ್ರಿಲ್ ತಿಂಗಳ ನೀರು ಮಾರಾಯ್ರೆ. 1856ರಲ್ಲೇ ಫ್ರಾನ್ಸಿನ ಡಾರ್ಸಿ ಅನ್ನೋ ಇಂಜಿನಿಯರ್ ಮರಳಿನ ಕೊಳವೇಲಿ ನೀರು ಬಿಟ್ಟು ನೋಡಿ ಲೆಕ್ಕ ಹಾಕಿಟ್ಟಿದ್ದಾನೆ, ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸ ಜಾಸ್ತಿ ಆದಷ್ಟೂ ಹರಿವು ಅದೇ ಪ್ರಮಾಣದಲ್ಲಿ ಜಾಸ್ತಿ. ಹಳ್ಳ ತಗ್ಗಿದ್ರೆ ಬಾವಿ ಕಡೆಯಿಂದ ಎಳೆತ ಜಾಸ್ತಿ, ಅಷ್ಟೇ.

ಬೇರೆ ಕಾರಣ ಅಲ್ಲ ಅಂತ ಮೊದ್ಲು ಖಾತ್ರಿ ಮಾಡ್ಕೊಳ್ಳಿ

ಎಲ್ಲದಕ್ಕೂ ಹಳ್ಳಾನೇ ಬೈಯೋಕಾಗಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕು ಬರ ಅಂತ ಘೋಷಣೆಯಾದ ವರ್ಷ ನಮ್ಮಲ್ಲಿ ಬತ್ತದ ಬಾವಿನೂ ಬತ್ತಿತ್ತು. ನಿಮ್ಮ ಹೋಬಳಿ ಮಳೆ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗತ್ತೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದ್ರೂ ಆಗತ್ತೆ. ಒಟ್ಟು ಮಳೆ ನೋಡಿ, ಜೊತೆಗೆ ಅಕ್ಟೋಬರ್ ಮಳೆ ಬೇರೆ ನೋಡಿ. ಜುಲೈಲಿ ಮುಳುಗಿಸಿ ಸೆಪ್ಟೆಂಬರಲ್ಲೇ ಮಾಯ ಆದ ಮಳೆ ಬಾವಿಗೆ ಅಷ್ಟು ದಕ್ಕಲ್ಲ.

ಎರಡನೇದು ಪಂಪು. ಸುತ್ತ ಮುತ್ತ ಗದ್ದೆ ಎಲ್ಲಾ ಅಡಿಕೆ ತೋಟ ಆಗಿದ್ಯಾ? ಗದ್ದೇಲಿ ಮಳೆಗಾಲ ಪೂರ್ತಿ ನೀರು ನಿಂತು ಇಂಗ್ತಿತ್ತು, ಬೇಸಿಗೇಲಿ ಅದು ನೀರು ಕೇಳ್ತಿರಲಿಲ್ಲ. ತೋಟ ಉಲ್ಟಾ. ಇದನ್ನ ಪತ್ತೆ ಮಾಡೋಕೆ ಅಕ್ಕಪಕ್ಕದೋರ ಹತ್ರ ಮಾತಾಡಿ ಒಂದಿಡೀ ದಿನ ಯಾರೂ ಪಂಪು ಹಾಕದೆ ಇರೋ ಹಂಗೆ ಮಾಡಿ, ಬಾವೀಲಿ ನೀರು ಎಷ್ಟು ಏರಿತು ಅಂತ ಹಗ್ಗಕ್ಕೆ ಕಲ್ಲು ಕಟ್ಟಿ ಅಳೀರಿ. ಚೆನ್ನಾಗಿ ಏರಿತು ಅಂದ್ರೆ ನೆಲದಲ್ಲಿ ನೀರಿದೆ, ಎಳೆಯೋದು ಜಾಸ್ತಿ ಆಗಿದೆ. ಏರದೆ ಹಳ್ಳದ ಮಟ್ಟದ ಹತ್ರಕ್ಕೇ ಬಂದು ನಿಂತುಬಿಟ್ರೆ ಮುಂದೆ ಓದಿ. (ಅಕ್ಕಪಕ್ಕದೋರನ್ನ ಒಪ್ಪಿಸೋದೇ ಈ ಪರೀಕ್ಷೇಲಿ ಕಷ್ಟದ ಭಾಗ. ನಾವು ಒಂದು ಹಬ್ಬದ ದಿನ ಆರಿಸ್ಕೊಂಡ್ವಿ, ಅವತ್ತು ಹೇಗಿದ್ರೂ ಆಳು ಬರಲ್ಲ.)

ಮೂರನೇದು ಮೇಲಿನ ಗುಡ್ಡ. ಭಾರತೀಯ ವಿಜ್ಞಾನ ಸಂಸ್ಥೆಯೋರು ನಮ್ಮ ಜಿಲ್ಲೆ ಹಳ್ಳಗಳನ್ನೇ ನೋಡಿ ಹೇಳಿದ್ದು, ಹಳ್ಳಕ್ಕೆ ನೀರು ಬರೋ ಜಾಗದಲ್ಲಿ ಶೇ 60ಕ್ಕಿಂತ ಜಾಸ್ತಿ ಇಲ್ಲಿನದೇ ಕಾಡು ಇದ್ರೆ ಹಳ್ಳ ವರ್ಷಪೂರ್ತಿ ಹರಿಯತ್ತೆ ಅಂತ. ನಿಮ್ಮ ಬೆಟ್ಟ ಬೋಳಾಗಿದ್ರೆ ಹಳ್ಳದ ತಳ ಸರಿ ಮಾಡಿದ್ರೂ ಅರ್ಧ ಮಾತ್ರ ಸರಿಯಾಗೋದು.

ಹಳ್ಳದ ತಳ ಇಳಿದಿದ್ಯಾ, ಇದೇ ಮುಖ್ಯ ಪರೀಕ್ಷೆ

ಇದಕ್ಕೆ ಬೇಕಾಗೋದು ಮೇಸ್ತ್ರಿಗಳ ಹತ್ರ ಇರೋ ಲೆವೆಲ್ ಪೈಪು, ಒಂದು ಟೇಪು, ಇಬ್ಬರು ಮನುಷ್ಯರು. ಬಾವಿ ಕಟ್ಟೆಗೆ ಒಂದು ಗುರುತು ಹಾಕಿ. ಪೈಪಲ್ಲಿ ನೀರು ತುಂಬಿ ಗಾಳಿ ಗುಳ್ಳೆ ಇಲ್ಲದ ಹಂಗೆ ನೋಡ್ಕೊಂಡು, ಕಟ್ಟೆಯಿಂದ ಹಳ್ಳದವರೆಗೆ ಹಂತ ಹಂತವಾಗಿ ಇಳಿಸ್ತಾ ಹೋಗಿ, ಪ್ರತಿ ಹಂತದ ಇಳಿತ ಬರ್ಕೊಳ್ಳಿ, ಕೊನೆಗೆ ಕೂಡಿಸಿ. ಗಾಳಿ ಗುಳ್ಳೆ ವಿಷ್ಯದಲ್ಲಿ ಹುಷಾರು, ನಮಗೆ ಮೊದಲ ಸಲ ಹಳ್ಳ ಬಾವಿಗಿಂತ ಎತ್ತರದಲ್ಲಿದೆ ಅಂತ ಬಂದಿತ್ತು.

ನಮ್ಮದು ಬಂದ ಲೆಕ್ಕ ಇದು. ಕಟ್ಟೆಯಿಂದ ಹಳ್ಳದ ಈಗಿನ ತಳ 27 ಅಡಿ ಕೆಳಗೆ. ಹಳೇ ತಿರುವು ಮುಚ್ಚದೆ ಹಂಗೇ ಬಿಟ್ಟಿದ್ವಿ, ಪುಣ್ಯಕ್ಕೆ, ಅದರ ತಳ 23 ಅಡಿ ಕೆಳಗೆ. ನಾಕಡಿ ವ್ಯತ್ಯಾಸ. ನಾವು ತೆಗೆಸಿದ್ದು ಎರಡೂವರೆ ಅಡಿ, ಮಿಕ್ಕ ಒಂದೂವರೆ ಅಡಿ ಎರಡು ಮಳೆಗಾಲದಲ್ಲಿ ಹಳ್ಳ ತಾನೇ ಕೊರ್ಕೊಂಡಿದ್ದು. ಬಾವಿ ಆಳ 28. ಹಳ್ಳದ ತಳ 27ರಲ್ಲಿದ್ರೆ ಬೇಸಿಗೇಲಿ ಬಾವೀಲಿ ಒಂದೆರಡು ಅಡಿ ಕೆಸರು ನೀರು ಬಿಟ್ಟು ಮತ್ತೆಂತ ಉಳಿಯತ್ತೆ? ಈ ಎರಡು ಅಂಕಿ ಪಕ್ಕಪಕ್ಕ ಬರೆದ ದಿನ ಅಪ್ಪಯ್ಯ ಸುಮಾರು ಹೊತ್ತು ಮಾತಾಡಲಿಲ್ಲ.

ಹಳ್ಳ ತಾನೇ ಯಾಕೆ ಕೊರೀತು ಅಂತ ಕೇಳ್ತೀರಿ. ಮೇಲಿಂದ ಕೆಳಗೆ ಇಳಿತ ಅಷ್ಟೇ ಇರತ್ತೆ, ದಾರಿ ಗಿಡ್ಡ ಆಯ್ತು, ಹಂಗಾಗಿ ಇಳಿಜಾರು ಕಡಿದಾಯ್ತು. ನಮ್ಮಲ್ಲಿ 1.2 ಮೀಟರ್ ಇಳಿತ 180 ಮೀಟರಲ್ಲಿ ಇದ್ದದ್ದು 110ಕ್ಕೆ ಬಂದಾಗ ಇಳಿಜಾರು ಒಂದೂವರೆ ಪಟ್ಟಿಗಿಂತ ಮೇಲೆ. ಜೊತೆಗೆ ಬೇರು, ಬಂಡೆ, ತಿರುವು ಎಲ್ಲಾ ತೆಗೆದು ನುಣ್ಣಗೆ ಮಾಡಿದ್ವಿ. ಇಂಜಿನಿಯರುಗಳು ಬಳಸೋ ಮ್ಯಾನಿಂಗ್ ಸೂತ್ರದಲ್ಲಿ ಒರಟುತನಕ್ಕೆ ಒಂದು ಅಂಕಿ ಇದೆ, ಕಲ್ಲು ಗಿಡ ಇರೋ ಹಳ್ಳಕ್ಕೆ 0.045 ಆಸುಪಾಸು, ನುಣ್ಣಗಿನ ಕಾಂಕ್ರೀಟಿಗೆ 0.015. ವೇಗ ಈ ಅಂಕಿಗೆ ಉಲ್ಟಾ, ಅಂದ್ರೆ ಅದೇ ಆಳ ಅದೇ ಇಳಿಜಾರಲ್ಲಿ ಕಾಂಕ್ರೀಟ್ ಮೇಲೆ ನೀರು ಮೂರು ಪಟ್ಟು ಜೋರು. ಜೋರು ನೀರಿಗೆ ಮಣ್ಣು ಬೇಕು, ದಡದಲ್ಲಿ ಸಿಗದಿದ್ರೆ ತಳದಿಂದ ತಗೊಳತ್ತೆ.

ಈ ಕೊರೆತ ನಿಂತ ಕಡೆ ನಿಲ್ಲಲ್ಲ, ಮೇಲ್ಮುಖವಾಗಿ ಹತ್ತತ್ತೆ. ಹಳ್ಳದ ಗುಂಟ ಮೇಲಕ್ಕೆ ನಡ್ಕೊಂಡು ಹೋಗಿ, ಎಲ್ಲಾದ್ರೂ ಒಂದಡಿ ಎರಡಡಿ ಚಿಕ್ಕ ಜಲಪಾತ ಹೊಸದಾಗಿ ಕಾಣತ್ತಾ? ಅದೇ ಕೊರೆತದ ಬಾಯಿ. ಅದರ ಪಕ್ಕದ ಮರಕ್ಕೆ ಒಂದು ಮೊಳೆ ಹೊಡೀರಿ, ಮುಂದಿನ ವರ್ಷ ಅದು ಎಷ್ಟು ಮೀಟರ್ ಮೇಲೆ ಹೋಗಿದೆ ನೋಡಿ. ನಮ್ಮದು ಒಂದೇ ಮಳೆಗಾಲದಲ್ಲಿ ಹದಿನೆಂಟು ಮೀಟರ್ ಹತ್ತಿತ್ತು, ಪಕ್ಕದ ಮನೆ ಮಾವನ ತೋಟದ ಗಡಿ ದಾಟಿತ್ತು. ಬೇರೆ ಗುರುತುಗಳು ಅಂದ್ರೆ ದಡದ ಮರದ ಬೇರು ಗಾಳೀಲಿ ನೇತಾಡೋದು, ಮೋರಿಯ ಬುಡದ ಕಾಂಕ್ರೀಟ್ ಕೆಳಗೆ ಪೊಳ್ಳು ಬೀಳೋದು, ಆಮೇಲೆ ಸಂಕ, ಅಂದ್ರೆ ಹಳ್ಳ ದಾಟೋ ಕಾಲುಸೇತುವೆ. ಮೊದ್ಲು ನಮ್ಮ ಸಂಕದ ಮೇಲೆ ಕೂತು ಕಾಲು ಇಳಿಬಿಟ್ರೆ ನೀರು ತಾಗ್ತಿತ್ತು, ಈಗ ಬಟ್ಟೆ ತೊಳೆಯೋಕೆ ಇಳೀಬೇಕಂದ್ರೆ ಆಯಿಗೆ ಮೆಟ್ಟಿಲು ಕಡಿದು ಕೊಡ್ಬೇಕು.

ಹಳೇ ದಾರಿ ಯಾವುದು ಅಂತ ಗೊತ್ತಿಲ್ಲ ಅಂದ್ರೆ ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆ ನೋಡಿ, ಹಳ್ಳ ಗೆರೆ ಹಾಕಿರತ್ತೆ. ಗೂಗಲ್ ಅರ್ತ್‌ನಲ್ಲಿ ಹಳೇ ಫೋಟೋನೂ ಸಿಗತ್ತೆ, ಆದ್ರೆ ನಮ್ಮ ಕಡೆ ಮರದ ಸೊಪ್ಪು ಬಿಟ್ರೆ ಬೇರೆ ಎಂತ ಕಾಣಲ್ಲ.

ಅಕ್ಕಪಕ್ಕದ ಬಾವಿಗಳೂ ಸಾಕ್ಷಿ ಹೇಳ್ತವೆ. ಹಳ್ಳಕ್ಕೆ ಹತ್ರ ಇರೋ ಬಾವಿ ಜಾಸ್ತಿ ಇಳಿದು, ಸ್ವಲ್ಪ ದೂರದ್ದು ಕಮ್ಮಿ ಇಳಿದು, ಗುಡ್ಡದ ಮೇಲಿಂದು ಹಂಗೇ ಇದ್ರೆ ಕಳ್ಳ ಹಳ್ಳಾನೇ. ಎಲ್ಲಾ ಬಾವಿನೂ ಒಂದೇ ಸಮ ಇಳಿದಿದ್ರೆ ಮಳೆ. ಒಂದು ಬೋರ್ ಸುತ್ತ ಇರೋವು ಮಾತ್ರ ಇಳಿದಿದ್ರೆ ಯಾರು ಅಂತ ನಿಮಗೇ ಗೊತ್ತು, ಜಗಳ ಮಾಡೋಕೆ ಹೋಗ್ಬೇಡಿ.

ಹಳ್ಳ ನೀರು ಕೊಡ್ತಿದ್ಯಾ, ಕುಡೀತಿದ್ಯಾ

ಇದು ಗೊತ್ತಿಲ್ಲದೆ ಯಾವ ರಿಪೇರಿಗೂ ಕೈ ಹಾಕ್ಬೇಡಿ, ಯಾಕಂದ್ರೆ ಎರಡಕ್ಕೂ ಔಷಧಿ ಬೇರೆ. ಕೆಲವು ಕಡೆ ನೆಲ ಹಳ್ಳಕ್ಕೆ ನೀರು ಕೊಡತ್ತೆ, ಕೆಲವು ಕಡೆ ಹಳ್ಳ ನೆಲಕ್ಕೆ ಕೊಡತ್ತೆ. ಒಂದೇ ಹಳ್ಳ ಮೇಲೆ ಒಂದು ಥರ, ಕೆಳಗೆ ಇನ್ನೊಂದು ಥರ ಇರಬಹುದು, ಜನವರೀಲಿ ಒಂದು ಏಪ್ರಿಲಲ್ಲಿ ಇನ್ನೊಂದೂ ಆಗಬಹುದು.

ಸುಲಭದ ದಾರಿ ಪೈಪು. ಒಂದಿಂಚಿನ ಪೈಪಿನ ತುದೀಲಿ ಸಣ್ಣ ತೂತು ಕೊರೆದು ಹಳ್ಳದ ತಳಕ್ಕೆ ಎರಡಡಿ ಹೊಡೀರಿ, ಒಂದರ್ಧ ದಿನ ಬಿಡಿ. ಪೈಪಿನೊಳಗೆ ನೀರು ಹೊರಗಿನ ಹಳ್ಳದ ನೀರಿಗಿಂತ ಮೇಲೆ ನಿಂತ್ರೆ ನೆಲದಿಂದ ಮೇಲಕ್ಕೆ ಬರ್ತಿದೆ ಅಂತ ಅರ್ಥ. ಕೆಳಗೆ ನಿಂತ್ರೆ ಹಳ್ಳ ನೆಲಕ್ಕೆ ಇಂಗ್ತಿದೆ. ಪಿವಿಸಿ ಪೈಪನ್ನೇ ಹೊಡೆದ್ರೆ ಸೀಳತ್ತೆ, ಮೊದ್ಲು ಕಬ್ಬಿಣದ ಹಾರೆ ಹೊಡೆದು ತೂತು ಮಾಡ್ಕೊಳ್ಳಿ.

ಇನ್ನೂ ಖಾತ್ರಿ ಬೇಕು ಅಂದ್ರೆ ಹರಿವು ಅಳೀರಿ. ಒಂದು ತಗಡಿಗೆ ವಿ ಆಕಾರದಲ್ಲಿ ಸರಿಯಾಗಿ 90 ಡಿಗ್ರಿ ಕಚ್ಚು ಹಾಕಿ ಹಳ್ಳಕ್ಕೆ ಅಡ್ಡ ನಿಲ್ಲಿಸಿ, ಪಕ್ಕದಲ್ಲಿ ಸೋರದ ಹಂಗೆ ಜೇಡಿ ಮೆತ್ತಿ, ಎಲ್ಲಾ ನೀರೂ ಕಚ್ಚಿನಲ್ಲೇ ಹೋಗಿ ಆಚೆ ಕಡೆ ಧುಮುಕೋ ಹಂಗಿರ್ಬೇಕು. ಕಚ್ಚಿನ ಚೂಪು ತುದಿಯಿಂದ ನೀರು ಎಷ್ಟು ಎತ್ತರ ಇದೆ ಅಂತ ತಗಡಿನಿಂದ ಒಂದೆರಡು ಅಡಿ ಹಿಂದೆ ಅಳೀಬೇಕು, ತಗಡಿನ ಹತ್ರ ನೀರು ಬಾಗಿರತ್ತೆ. 5 ಸೆಂಟಿಮೀಟರ್ ಇದ್ರೆ ಸೆಕೆಂಡಿಗೆ ಮುಕ್ಕಾಲು ಲೀಟರ್ ಚಿಲ್ಲರೆ, 10 ಇದ್ರೆ 4.4 ಲೀಟರ್, 15 ಇದ್ರೆ 12 ಲೀಟರ್. ಸಣ್ಣ ಅಂಕಿ ಅನ್ಸತ್ತೆ, ಆದ್ರೆ 4.4 ಲೀಟರ್ ಅಂದ್ರೆ ದಿನಕ್ಕೆ ಮೂರು ಮುಕ್ಕಾಲು ಲಕ್ಷ ಲೀಟರ್ ಮೇಲೇ ಆಯ್ತು.

ಇಂಥ ತಗಡು ಎರಡು ಮಾಡಿ, ಹಿಟಾಚಿ ಆಡಿಸಿದ ಜಾಗದ ಮೇಲೊಂದು ಕೆಳಗೊಂದು ಇಡಿ. ಕೆಳಗಡೆ ಜಾಸ್ತಿ ಬಂದ್ರೆ ನಡುವೆ ನೆಲದ ನೀರು ಸೇರ್ತಿದೆ, ಕಮ್ಮಿ ಬಂದ್ರೆ ಇಂಗ್ತಿದೆ ಅಥವಾ ಯಾರೋ ಪಂಪಿನ ಫುಟ್‌ವಾಲ್ವ್ ಮುಳುಗಿಸಿಟ್ಟಿದ್ದಾರೆ. ಬೆಳಗ್ಗೆ ಆರು ಗಂಟೆಗೇ ಅಳೀರಿ, ಯಾವಾಗಲೂ ಅದೇ ಹೊತ್ತಿಗೆ. ಮಧ್ಯಾಹ್ನ ದಡದ ಮರಗಳೆಲ್ಲ ನೀರು ಕುಡಿಯೋ ಹೊತ್ತು, ಸಣ್ಣ ಹಳ್ಳದಲ್ಲಿ ಹರಿವು ಇಳಿದಿದ್ದು ಕಣ್ಣಿಗೇ ಕಾಣತ್ತೆ, ರಾತ್ರಿ ಮತ್ತೆ ಏರತ್ತೆ. ನಾನು ಮೊದಲ ವಾರ ಮನ ಬಂದ ಹೊತ್ತಿಗೆ ಅಳೆದು ಲೆಕ್ಕ ಎಲ್ಲಾ ಚೆಲ್ಲಾಪಿಲ್ಲಿ ಮಾಡ್ಕೊಂಡಿದ್ದೆ.

ನಮ್ಮದಲ್ಲದ ಬೇರೆ ಥರದ ಕೇಸುಗಳು

ಹಳ್ಳಕ್ಕೆ ಕಲ್ಲು ಪಿಚಿಂಗು ಅಥವಾ ಕಾಂಕ್ರೀಟ್ ಗೋಡೆ ಕಟ್ಟಿದ ಕಡೆ ದೋಷ ಬೇರೆ ಥರ ಕಾಣತ್ತೆ. ಹಳ್ಳ ಇಂಗ್ತಿದ್ದ ಜಾಗ ಆದ್ರೆ ಇಂಗೋದು ನಿಲ್ಲತ್ತೆ, ಬಾವಿ ಒಣಗತ್ತೆ. ನೆಲದಿಂದ ನೀರು ಬರ್ತಿದ್ದ ಜಾಗ ಆದ್ರೆ ನೀರು ಗೋಡೆ ಹಿಂದೆ ಸಿಕ್ಕಿಹಾಕ್ಕೊಂಡು ತೋಟ ಜವುಗಾಗತ್ತೆ. ಸಂಬಂಧಿಕರೊಬ್ಬರ ತೋಟಕ್ಕೆ ಗೋಡೆ ಕಟ್ಟಿದ ಗುತ್ತಿಗೆದಾರ ನೀರು ಬಸಿಯೋಕೆ ತೂತೇ ಬಿಟ್ಟಿರಲಿಲ್ಲ. ಎರಡನೇ ವರ್ಷಕ್ಕೆ ಅಡಿಕೆ ಮರದ ಗರಿ ಗಿಡ್ಡ ಆಗಿ ಮುದುಡಿ ಹಿಡಿಮುಂಡಿಗೆ ಕಾಣಿಸ್ತು, ಅವರು ರೋಗ ಅಂತ ಸುಣ್ಣ, ಮೈಲುತುತ್ತ, ಸೂಕ್ಷ್ಮ ಗೊಬ್ಬರ ಎಲ್ಲಾ ಹಾಕಿದ್ರು. ಬಸಿಗಾಲುವೆಯ ಬಾಯೇ ಗೋಡೆಗೆ ಬಡ್ಕೊಂಡು ಮುಚ್ಚಿತ್ತು, ಅದನ್ನ ಯಾರೂ ನೋಡಿರಲಿಲ್ಲ. ಮೂರನೇ ವರ್ಷ ಗೋಡೆನೇ ಹಳ್ಳಕ್ಕೆ ಮಗುಚಿತು, ಹಿಂದೆ ನಿಂತ ನೀರಿನ ಒತ್ತಡಕ್ಕೆ.

ಹೂಳು ತೆಗೆದ ಮೇಲೆ ಹಳ್ಳದಲ್ಲಿ ನೀರು ನಿಂತಿರತ್ತೆ ಆದ್ರೆ ಬಾವಿಗೆ ಬರಲ್ಲ ಅನ್ನೋದು ಇನ್ನೊಂದು ದೂರು. ಮರಳು ಜಲ್ಲಿ ಎಲ್ಲಾ ತೆಗೆದಾಗ ಮೇಲಿಂದ ಬಂದ ಸಣ್ಣ ಜೇಡಿ ತಳದ ಮೇಲೆ ಗಿಲಾಯಿ ಮಾಡಿದ ಹಂಗೆ ಕೂತಿರತ್ತೆ. ತಳ ಇಲ್ಲದ ಬಕೆಟ್ಟನ್ನ ಅಲ್ಲಿ ಒತ್ತಿ ಕೂರಿಸಿ ನೀರು ತುಂಬಿ ನೋಡಿ, ಗಂಟೆಗಟ್ಲೆ ಇಳೀದೇ ಇದ್ರೆ ಇದೇ ಕಾರಣ.

ಜಡ್ಡಿಗೆ, ಅಂದ್ರೆ ಕಾಡಿನ ಜೌಗಿಗೆ, ಕಾಲುವೆ ತೋಡಿದ್ದು ಎಲ್ಲಕ್ಕಿಂತ ಕೆಟ್ಟ ಕೇಸು. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ನೋಡಿದೋರಿಗೆ ಗೊತ್ತಿರತ್ತೆ, ಬೇರುಗಳು ಮೊಣಕಾಲು ಎತ್ತಿ ಕೂತ ಹಂಗೆ ಕೆಸರಿಂದ ಮೇಲೆ ಎದ್ದಿರ್ತವೆ, ಏಪ್ರಿಲಲ್ಲೂ ಕಾಲಿಟ್ರೆ ತಂಪು. ಅದೊಂದು ಸ್ಪಂಜು. ಇಂಥ ಜಡ್ಡಿಗಳನ್ನ ಬಸಿದು ತೋಟ ಗದ್ದೆ ಮಾಡಿದ ಕಡೆಯೆಲ್ಲ ಕೆಳಗಿನ ಹಳ್ಳದ ಬೇಸಿಗೆ ನೀರು ಹೋಗಿದೆ. ಇದಕ್ಕೆ ರಿಪೇರಿ ಅಂದ್ರೆ ತೋಡಿದ ಕಾಲುವೆ ಮುಚ್ಚೋದೊಂದೇ, ಯಾರು ಮುಚ್ತಾರೆ.

ಕರಾವಳಿಯೋರಿಗೆ ಒಂದು ಎಚ್ಚರಿಕೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಹಳ್ಳದ ಬಾಯಿ ಆಳ ಮಾಡಿದ್ರೆ ಮಳೆ ನೀರು ಬೇಗ ಹೊರಗೆ ಹೋಗತ್ತೆ ನಿಜ, ಭರತದ (ಸಮುದ್ರದ ಉಬ್ಬರದ) ಹೊತ್ತಿಗೆ ಉಪ್ಪುನೀರೂ ಅದೇ ದಾರೀಲಿ ಒಳಗೆ ಬರತ್ತೆ. ಕುಮಟಾದ ಭಾವನ ಮನೇಲಿ ಬಾವಿ ನೀರಿನ ಚಾ ಒಡೆಯೋಕೆ ಶುರುವಾದಾಗ ಗೊತ್ತಾಗಿದ್ದು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲ್ತಾ ಇರತ್ತೆ. ಘೈಬೆನ್ ಮತ್ತು ಹರ್ಜ್‌ಬರ್ಗ್ ಅನ್ನೋ ಇಬ್ಬರು ಹಾಕಿದ ಲೆಕ್ಕದ ಪ್ರಕಾರ ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ಇದ್ರೆ ಕೆಳಗೆ ಹತ್ರಹತ್ರ 40 ಅಡಿ ಸಿಹಿನೀರು ಇರತ್ತೆ. ಹಳ್ಳ ತಗ್ಗಿಸಿ ಬಾವಿ ಮಟ್ಟ ಅರ್ಧ ಅಡಿ ಇಳಿಸಿದ್ರೆ ಕೆಳಗಿಂದ ಉಪ್ಪು 20 ಅಡಿ ಮೇಲೇರೋಕೆ ದಾರಿ ಆಯ್ತು. ಪರೀಕ್ಷೆಗೆ ನೀರಲ್ಲಿ ಕರಗಿದ ಉಪ್ಪಿನಂಶ ತೋರ್ಸೋ ಟಿಡಿಎಸ್ ಮೀಟರ್ ಸಾಕು, ಅಮಾವಾಸ್ಯೆ ಹುಣ್ಣಿಮೆ ಭರತಕ್ಕೆ ಒಂದು ಸಲ, ಅಷ್ಟಮಿ ಹೊತ್ತಿಗೆ ಒಂದು ಸಲ ಅಳೀರಿ, ಭರತದ ಜೊತೆ ಅಂಕಿ ಏರಿ ಇಳಿದ್ರೆ ಉಪ್ಪು ಹಳ್ಳದಿಂದಲೇ ಬರ್ತಿದೆ. ಅಲ್ಲಿ ಹಲಗೆ ಹಾಕೋ ಕಿಂಡಿ ಅಣೆಕಟ್ಟು ಕೆಲಸಕ್ಕೆ ಬರತ್ತೆ, ಆದ್ರೆ ಮಳೆಗಾಲ ಮುಗೀತಿದ್ದ ಹಂಗೆ, ಹಳ್ಳದಲ್ಲಿ ಇನ್ನೂ ಸಿಹಿನೀರು ಹರೀತಿರುವಾಗಲೇ ಹಲಗೆ ಇಳಿಸಿದ್ರೆ ಮಾತ್ರ. ಫೆಬ್ರವರೀಲಿ ಇಳಿಸಿದ್ರೆ ಒಳಗೆ ಉಪ್ಪುನೀರನ್ನೇ ಕಟ್ಟಿದ ಹಂಗೆ.

ಮೇಲೆ ಹರಿಯೋ ನೀರು ತಕ್ಷಣ ಉತ್ತರ ಕೊಡತ್ತೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ ಆಚೆ ದಡದ ಉಳುವರೆ ಊರಿಗೆ ನೀರು ನುಗ್ಗೋಕೆ ಕ್ಷಣ ಸಾಕಾಯ್ತು. ನೆಲದ ನೀರು ಹಂಗಲ್ಲ, ಒಂದು ವರ್ಷ, ಎರಡು ವರ್ಷ ಬಿಟ್ಟು ತೋರ್ಸತ್ತೆ, ಅಷ್ಟೊತ್ತಿಗೆ ಹಿಟಾಚಿ ಬಂದಿದ್ದೇ ಮರ್ತಿರ್ತೀವಿ.

ರಿಪೇರಿ

ಹಳ್ಳದ ತಳ ಮೇಲೆ ತರೋದೇ ರಿಪೇರಿ, ಬಾವಿ ಆಳ ಮಾಡೋದಲ್ಲ. ಬಾವಿ ಆಳ ಮಾಡಿದ್ರೆ ಶೇಡಿ ಸಿಕ್ಕಿ ಕುಸಿಯತ್ತೆ, ನಮ್ಮೂರಲ್ಲೇ ಒಂದು ಕುಸಿದಿದೆ. ಇನ್ನೊಂದು ಮಾತು, ಹಳ್ಳ ದಾಖಲೇಲಿ ಬಿ ಖರಾಬು, ಅಂದ್ರೆ ಸಾರ್ವಜನಿಕ ಜಾಗ, ನಮ್ಮ ಆಸ್ತಿ ಅಲ್ಲ, ಪಂಚಾಯ್ತಿಗೆ ಅರ್ಜಿ ಕೊಟ್ಟು ಮಾಡಿ, ಅರಣ್ಯದ ಗಡಿ ಇದ್ರೆ ಅಲ್ಲೂ ಕೇಳಿ. ನಾವು ನೇರ ಮಾಡಿಸುವಾಗ ಕೇಳಿರಲಿಲ್ಲ, ಸರಿ ಮಾಡುವಾಗ ಕೇಳಿದ್ವಿ.

2022ರ ಡಿಸೆಂಬರಲ್ಲಿ ಐದು ಕಡೆ ಕಾಡುಗಲ್ಲಿನ ಒಡ್ಡು ಹಾಕಿದ್ವಿ, ಸಿಮೆಂಟ್ ಇಲ್ಲದೆ. ಒಂದೊಂದೂ ಎರಡಡಿಗಿಂತ ಎತ್ತರ ಇಲ್ಲ. ಕೆಳಗಿನ ಒಡ್ಡಿನ ತಲೆ ಮೇಲಿನ ಒಡ್ಡಿನ ಬುಡಕ್ಕೆ ಸಮ ಬರೋ ಹಂಗೆ ದೂರ ಲೆಕ್ಕ ಹಾಕಿ, ಅದಕ್ಕೂ ಲೆವೆಲ್ ಪೈಪೇ. ನಡುವೆ ತಗ್ಗು, ಎರಡು ಬದಿ ಎತ್ತರ, ಕಲ್ಲು ದಡದೊಳಗೆ ಎರಡು ಮೂರಡಿ ಹೊಕ್ಕಿರ್ಬೇಕು, ನೀರು ಧುಮುಕೋ ಕಡೆ ದೊಡ್ಡ ಕಲ್ಲು ಹಾಸಿರ್ಬೇಕು. ಇದಿಷ್ಟನ್ನೂ ಓದಿ ತಿಳ್ಕೊಂಡೇ ಮಾಡಿದ್ವಿ, ಮೂರನೇ ಒಡ್ಡಿಗೆ ಬರೋವಾಗ ಸಂಜೆಯಾಗಿತ್ತು, ಆಳುಗಳಿಗೆ ಮನೆಗೆ ಹೋಗೋ ಅರ್ಜೆಂಟು, ತಲೆ ಸಪಾಟು ಮಾಡಿ ಬಿಟ್ವಿ. 2024ರ ಜುಲೈಲಿ ನೀರು ಅದರ ಪಕ್ಕದಿಂದ ದಾರಿ ಮಾಡ್ಕೊಂಡು ದಡ ಸಮೇತ ಎತ್ಕೊಂಡು ಹೋಯ್ತು, ಮತ್ತೆ ನಾಕು ಅಡಿಕೆ ಮರ. ಉಳಿದ ನಾಕೂ ಗಟ್ಟಿ ನಿಂತಿವೆ, ಹಿಂದೆ ಮರಳು ತುಂಬ್ಕೊಂಡು ತಳ ಎರಡಡಿ ಮೇಲೆ ಬಂದಿದೆ.

ಒಡ್ಡಿನ ಮೇಲ್ಗಡೆ ಒಂದು ಹಳೇ ತಿರುವನ್ನ ಮತ್ತೆ ಬಿಡಿಸಿದ್ವಿ. ಇದಕ್ಕೆ ಮನೇಲಿ ದೊಡ್ಡ ಚರ್ಚೆ, ಮೂವತ್ತು ಮರ ತಿಂದ ತಿರುವನ್ನೇ ಮತ್ತೆ ಕರ್ಕೊಂಡು ಬರ್ತಿಯಾ ಅಂತ ಆಯಿ ಬೈದ್ರು. ಅವರದ್ದು ತಪ್ಪಲ್ಲ. ಅಲ್ಲಿ ದಡದ ಮೇಲೆ ಎರಡು ಸಾಲು ಅಡಿಕೆ ಬಿಟ್ಕೊಟ್ಟು ಮುಂಡಿಗೆ, ವಾಟೆ, ಹೊಂಗೆ, ಲಕ್ಕಿ ಗಿಡ ಹಾಕಿದ್ವಿ, ಮಳೆಗಾಲದಲ್ಲಿ ಅಷ್ಟು ಜಾಗಕ್ಕೆ ನೀರು ಬಂದು ಹೋಗ್ಲಿ ಅಂತ. ಹಳ್ಳಕ್ಕೆ ಮಲಗೋಕೆ ಜಾಗ ಕೊಡದಿದ್ರೆ ಅದು ಎದ್ದು ನಮ್ಮ ತೋಟಕ್ಕೇ ಬರೋದು. ಅಮೆರಿಕದ ಫ್ಲಾರಿಡಾದಲ್ಲಿ ಕಿಸ್ಸಿಮ್ಮಿ ಅಂತ ಒಂದು ನದಿ, 166 ಕಿಲೋಮೀಟರ್ ಸುತ್ತಿ ಹೋಗ್ತಿದ್ದನ್ನ 1962ರಿಂದ 1971ರ ನಡುವೆ 90 ಕಿಲೋಮೀಟರ್ ನೇರ ಕಾಲುವೆ ಮಾಡಿದ್ರು, ನೆರೆ ತಪ್ಪಿಸೋಕೆ. ಅಕ್ಕಪಕ್ಕದ ಜೌಗು ಒಣಗಿ ಹೋಯ್ತು. 1999ಕ್ಕೆ ಕಾಲುವೆಯ ಒಂದಷ್ಟು ಭಾಗ ಮುಚ್ಚಿ ಹಳೇ ತಿರುವುಗಳನ್ನ ಬಿಡಿಸೋಕೆ ಶುರು ಮಾಡಿ 2021ರಲ್ಲಿ ಮುಗಿಸಿದ್ರು. ನೇರ ಮಾಡೋಕೆ ಒಂಬತ್ತು ವರ್ಷ, ಬಿಡಿಸೋಕೆ ಇಪ್ಪತ್ತೆರಡು. ಆಯಿಗೆ ಈ ಕಥೆ ಹೇಳಿದ್ರೆ, ಅವರ ಹತ್ರ ದುಡ್ಡಿತ್ತು ಬಿಡು ಅಂದ್ರು.

ಡಿಸೆಂಬರಲ್ಲಿ ನಮ್ಮ ಹಿರೀಕರು ಹಳ್ಳಕ್ಕೆ ಸೊಪ್ಪು ಮಣ್ಣಿನ ಕಟ್ಟು ಹಾಕ್ತಿದ್ರಲ್ಲ, ಅದನ್ನೂ ಮತ್ತೆ ಶುರು ಮಾಡಿದೀವಿ, ಒಡ್ಡಿನ ತಲೆ ಮೇಲೆಯೇ ಹಾಕೋದ್ರಿಂದ ಕೆಲಸ ಅರ್ಧ ದಿನದ್ದು. ಮೇ ಕೊನೇಲಿ ಬಿಚ್ಚೋದು ಮರೀಬಾರ್ದು.

ಬಾವಿ ಎಷ್ಟು ಸುಧಾರಿಸಿತು ಅಂತ ಕೇಳ್ತೀರಿ. 2023ರ ಬೇಸಿಗೇಲಿ ಎಂತ ವ್ಯತ್ಯಾಸ ಕಾಣಲಿಲ್ಲ, ಮರಳು ಇನ್ನೂ ತುಂಬಿರಲಿಲ್ಲ. 2024ರ ಬೇಸಿಗೆ ಲೆಕ್ಕಕ್ಕಿಲ್ಲ, 2023ರ ಬರ ಆದ ಮೇಲಿಂದು. 2025ರಲ್ಲಿ ಏಪ್ರಿಲ್ ಮೂರನೇ ವಾರದವರೆಗೂ ಪಂಪು ಗಾಳಿ ಎಳೀಲಿಲ್ಲ, ಬಾವೀಲಿ ಮೂರೂವರೆ ಅಡಿ ನೀರಿತ್ತು. ಅಜ್ಜನ ಕಾಲದ ಐದಾರು ಅಡಿ ಇನ್ನೂ ದೂರ, ಯಾಕಂದ್ರೆ ತಳ ಇನ್ನೂ ಎರಡಡಿ ತಗ್ಗಲ್ಲೇ ಇದೆ. ಡಿಸೆಂಬರಲ್ಲಿ ಮಾತ್ರ ಹಳ್ಳದ ಹರಿವು ಮೊದಲಿಗಿಂತ ಕಮ್ಮಿ ಕಾಣ್ತು. ಈ ಸಲ ಅದನ್ನ ನೋಡಿ ಗಾಬರಿ ಆಗ್ಲಿಲ್ಲ.

ಕೊರೆತದ ಬಾಯಿ ಮಾವನ ಗಡಿಯಿಂದ ಹನ್ನೊಂದು ಮೀಟರ್ ಮೇಲೆ ಹೋಗಿ ಅಲ್ಲೇ ನಿಂತಿದೆ, ಮೊಳೆ ಹೊಡೆದ ಹಲಸಿನ ಮರ ಇನ್ನೂ ಇದೆ. ಕೊಚ್ಚಿ ಹೋದ ಮೂರನೇ ಒಡ್ಡನ್ನ ಅವರೂ ನಾವೂ ಸೇರಿ ಮತ್ತೆ ಹಾಕ್ಬೇಕು, ದೀಪಾವಳಿ ಮುಗಿದು ಅಡಿಕೆ ಕೊಯ್ಲು ಶುರುವಾಗೋದ್ರೊಳಗೆ, ಬೆಳಗ್ಗೆ ಹೊತ್ತಲ್ಲೇ.